ಬರುತ್ತೇನೆಂದು ಸದ್ದು ಮಾಡಿ ಹೋದ ಮಳೆ

ಶನಿವಾರ, ಭಾನುವಾರ ಮಧ್ಯಾಹ್ನ ನಮ್ಮ ಕಾಫಿ ಕಣದಲ್ಲಿ ಕಾನೂನಿನ ಪಾಠ ನಡೆಯುತ್ತಿತ್ತು. ಪಾಠ ಹೇಳುವವರು ಉತ್ತರದ ಯಾವುದೋ ದೊಡ್ಡ ಊರಿನಲ್ಲಿ ಕುಳಿತ ಒಬ್ಬ ಮೇಡಂ. ಕಲಿಯುವವಳು ಕೆಳಗೆ ಎಸ್ಟೇಟಿನ ಆಳುಗಳ ಲೈನ್ ಮನೆಯ ಹುಡುಗಿ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಒಣಗುತ್ತಿರುವ ಕಾಫಿಗೆ ಕಾವಲಿರುವವನ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದೆ.

ಹುಡುಗಿ ಎನ್ನುತ್ತೇನೆ, ಆದರೆ ಅವಳು ಆಗಲೇ ವಕೀಲೆ. ಚಿಕ್ಕಮಗಳೂರಿನ ಕೋರ್ಟಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅದು ಸಾಲದೆಂದು ಪರಿಸರ ಕಾನೂನಿನಲ್ಲಿ ಸ್ನಾತಕೋತ್ತರ ಓದಿಗೆ ಸೇರಿದ್ದಳು, ಆನ್‌ಲೈನಿನಲ್ಲಿ. ಅವಳ ಮನೆ ಇರುವ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನಮ್ಮ ಕಣ ಗುಡ್ಡದ ನೆತ್ತಿಯಲ್ಲಿದೆ. ಮಲ್ಲಂದೂರಿನ ಕಡೆಯ ಟವರ್ ಅಲ್ಲಿಂದ ಕಡ್ಡಿಯಷ್ಟು ಸಣ್ಣಗೆ ಕಾಣುತ್ತದೆ, ಮಂಜಿಲ್ಲದ ದಿನ.

ಮೊದಲ ದಿನ ಬಂದು, "ಅಜ್ಜ, ಇಲ್ಲಿ ಕೂತ್ಕೊಂಡು ಕ್ಲಾಸ್ ಕೇಳ್ಬಹುದಾ? ಗಲಾಟೆ ಮಾಡಲ್ಲ" ಎಂದಳು.

ನಾನು ಬಾಯಿ ತೆಗೆಯುವ ಮೊದಲೇ ನನ್ನ ಹೆಂಡತಿ ಒಳಗಿಂದ, "ಗಲಾಟೆ ಮಾಡು ಮಾರಾಯ್ತಿ. ಈ ಮನೇಲಿ ಇವ್ರ ಗೊರಕೆ ಬಿಟ್ರೆ ಬೇರೆ ಸದ್ದೇ ಇಲ್ಲ" ಎಂದಳು.

ಹಾಗೆ ಶುರುವಾಯಿತು. ಕಣದ ಅಂಚಿನ ಮೋಟುಗೋಡೆಗೆ ಫೋನು ಒರಗಿಸಿ, ಅವಳು ಚಾಪೆಯ ಮೇಲೆ ಕೂರುತ್ತಿದ್ದಳು. ಫೋನಿನಲ್ಲಿ ಪುಟ್ಟ ಪುಟ್ಟ ಚೌಕಗಳು, ಒಂದೊಂದರಲ್ಲಿ ಒಂದೊಂದು ಮುಖ. ಬಿಸಿಲಿಗೆ, ಸಿಪ್ಪೆ ಬಿಡಿಸಿ ತೊಳೆದು ಹರವಿದ ಪಾರ್ಚ್‌ಮೆಂಟ್ ಕಾಫಿ ಮೆಲ್ಲಗೆ ಚಿಟಿಚಿಟಿ ಅನ್ನುತ್ತಿತ್ತು. ಮೇಡಂ ದನಿ ಗಾಳಿ ಬಂದಾಗ ದೂರ ಹೋಗಿ, ಗಾಳಿ ನಿಂತಾಗ ಹತ್ತಿರ ಬರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಓದಿದವನು. ಇಂಗ್ಲಿಷು ಅರ್ಧ ತಿಳಿಯುತ್ತದೆ, ಉಳಿದರ್ಧ ಹಕ್ಕಿಯ ದನಿಯಂತೆ ಕೇಳುತ್ತದೆ. ವಾಟರ್, ಡ್ಯೂಟಿ, ಫಾರೆಸ್ಟ್, ಮತ್ತೆ ವಾಟರ್. ಜೋಂಪು ಹತ್ತಿದರೆ ಆ ಮಾತುಗಳೇ ಕನಸಾಗುತ್ತಿದ್ದವು. ಒಂದು ಸಲ ಕನಸಿನಲ್ಲಿ ಕಣದ ತುಂಬ ನೀರು ನಿಂತಿತ್ತು. ಆ ಚೌಕಗಳ ಮುಖಗಳೆಲ್ಲ ನೀರಿನೊಳಗಿಂದ ನನ್ನನ್ನು ನೋಡುತ್ತ, ಬಾಯಿ ತೆರೆದು ಮುಚ್ಚುತ್ತ, ನಿಧಾನವಾಗಿ ತಿರುಗುತ್ತಿದ್ದವು.

ಎದ್ದಾಗ ಕ್ಲಾಸು ಮುಗಿದಿತ್ತು. ಅವಳು ಟೀ ಕುಡಿಯುತ್ತಿದ್ದಳು.

"ಇವತ್ತು ಏನಂತೆ?" ಎಂದು ಕೇಳಿದೆ. ಕ್ಲಾಸು ಮುಗಿದ ಮೇಲೆ ಹಾಗೆ ಕೇಳುವುದು ನನಗೆ ರೂಢಿಯಾಗಿತ್ತು. ಅವಳಿಗೂ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಮನಸ್ಸಿನಲ್ಲಿ ನಿಲ್ಲುತ್ತಿತ್ತು.

"ಮುನ್ನೆಚ್ಚರಿಕೆ ಅಂತ ಒಂದು ತತ್ವ ಅಜ್ಜ. ಹಾನಿ ಆಗುತ್ತೋ ಇಲ್ವೋ ಗೊತ್ತಿಲ್ದೆ ಇದ್ರೆ, ಗೊತ್ತಿಲ್ಲ ಅನ್ನೋದನ್ನೇ ನೆಪ ಮಾಡ್ಕೊಂಡು ಕೈ ಹಾಕ್ಬಾರದು."

"ಇದನ್ನ ಹೇಳಕ್ಕೆ ಅಷ್ಟು ದೊಡ್ಡ ಕಾಲೇಜು ಬೇಕಾ?" ಎಂದಳು ನನ್ನ ಹೆಂಡತಿ. "ನಮ್ಮತ್ತೆ ಅಣಬೆ ಆರಿಸೋವಾಗ ಹೇಳ್ತಿದ್ದಿದ್ದೂ ಅದನ್ನೇ."

ಇಬ್ಬರೂ ನಕ್ಕರು. ನಾನು ನಗಲಿಲ್ಲ. ಗುಡ್ಡದಾಚೆ ಗಾಳಿ ಕಾಡಿನ ಮೇಲೆ ಹಾದ ಸದ್ದು ಮಳೆಯ ಸದ್ದಿನಂತಿತ್ತು.

ಆ ವರ್ಷದ ಓದಿನ ಕೊನೆಗೆ ಅವಳು ಒಂದು ಪ್ರಬಂಧ ಬರೆದು, ಎಲ್ಲರ ಮುಂದೆ ಫೋನಿನಲ್ಲೇ ಓದಿ ಹೇಳಬೇಕಿತ್ತು. ಅವಳು ಆರಿಸಿಕೊಂಡದ್ದು ನಮ್ಮ ಹಳ್ಳದ ದೇವರ ಗುಂಡಿಯನ್ನು.

ದೇವರ ಗುಂಡಿ ಎಂದರೆ ಎಸ್ಟೇಟಿನ ಕೆಳಗೆ ಹಳ್ಳ ಬಂಡೆಗೆ ಬಡಿದು ತಿರುಗುವ ಕಡೆ ಇರುವ ಆಳದ ನೀರು. ದಡದಲ್ಲಿ ಒಂದು ಕಲ್ಲು, ಮೇಲೊಂದು ನೇರಳೆ ಮರ. ಆ ನೀರಿನ ಮೀನನ್ನು ಯಾರೂ ಹಿಡಿಯುತ್ತಿರಲಿಲ್ಲ. ಮೈಮೇಲೆ ಕಜ್ಜಿಯೋ ನರೂಲಿಯೋ ಎದ್ದರೆ ಮೀನಿಗೆ ಅಕ್ಕಿ ಹಾಕುತ್ತೇನೆಂದು ಹರಕೆ ಹೊರುತ್ತಿದ್ದರು. ಅಕ್ಕಿ ಬಿದ್ದರೆ ತೋಳಿನಷ್ಟು ಉದ್ದದ ಮೀನುಗಳು ಕಪ್ಪಗೆ ಎದ್ದು ಬರುತ್ತಿದ್ದವು. ಗುಂಡಿಯ ಮೇಲೂ ಕೆಳಗೂ ಒಂದಷ್ಟು ದೂರ ಮರ ಕಡಿಯುತ್ತಿರಲಿಲ್ಲ, ಬಟ್ಟೆ ಒಗೆಯುತ್ತಿರಲಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ. ಜನ ತಾವೇ ಮಾಡಿಕೊಂಡ ಇಂಥ ಕಟ್ಟುಪಾಡನ್ನು ಕಾನೂನು ಕಾನೂನೆಂದು ಒಪ್ಪುತ್ತದೆಯೇ, ಅದು ಹೇಗೆ ಮುರಿದುಬೀಳುತ್ತದೆ ಎನ್ನುವುದೇ ಅವಳ ವಿಷಯ.

"ಮುರಿದದ್ದು ಹೇಗೆ ಅಂತ ಬರೀತೀಯ?" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

"ಇದ್ದಿದ್ದನ್ನ ಬರೀತೀನಿ. ನಮ್ಮಜ್ಜನೇ ಅಲ್ವಾ ಗುಂಡಿಗೆ ಕಾರೆಕಾಯಿ ಹಾಕಿ ಮೀನು ಸಾಯ್ಸಿದ್ದು." ಅವಳು ಸಹಜವಾಗಿಯೇ ಹೇಳಿದಳು. "ಮೇಡಂಗೆ ಹೇಳ್ದೆ. ಮನೆಯವ್ರದ್ದನ್ನೂ ಮುಚ್ಚಿಡದೆ ಬರೀತಿದ್ದೀಯ, ಅದೇ ದೊಡ್ಡದು ಅಂದ್ರು."

ಇದನ್ನು ನಾನು ಬರೆಯಲು ಕುಳಿತಿರುವುದೇ ಆ ಮಾತಿನಿಂದ. ಅವಳಜ್ಜ ಆ ಗುಂಡಿಗೆ ಏನೂ ಹಾಕಿರಲಿಲ್ಲ. ಮೀನು ಸತ್ತದ್ದು ನನ್ನಿಂದ.

ಆಗ ನಾನು ಎಸ್ಟೇಟಿನ ರೈಟರು. ಆಳುಗಳ ಹಾಜರಿ, ಹಣ್ಣಿನ ಅಳತೆ, ಪಲ್ಪರ್ ಮನೆಯ ಉಸ್ತುವಾರಿ ಎಲ್ಲ ನನ್ನದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಲೋಳೆ ತೊಳೆದ ನೀರು ಕಂದು ಬಣ್ಣಕ್ಕೆ ತಿರುಗಿ ಹುಳಿ ನಾರುತ್ತದೆ. ಅದನ್ನು ದೊಡ್ಡ ತೊಟ್ಟಿಯಲ್ಲಿ ನಿಲ್ಲಿಸಬೇಕು. ತೊಟ್ಟಿಯ ಬಾಯಿಗೆ ಒಂದು ಹಲಗೆ. ತೊಟ್ಟಿ ತುಂಬಿದರೆ, ಜೋರು ಮಳೆ ಬಂದು ಹಳ್ಳ ಕೆಂಪಗೆ ಹರಿಯುವಾಗ ಆ ಹಲಗೆ ಎತ್ತುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಮಳೆಯ ನೀರಿನಲ್ಲಿ ಅದು ಎಲ್ಲಿ ಹೋಯಿತೆಂದು ಗೊತ್ತಾಗುತ್ತಿರಲಿಲ್ಲ. ಒಳ್ಳೆಯದೆಂದಲ್ಲ, ಆದರೆ ಎಲ್ಲರೂ ಹಾಗೇ ಮಾಡುತ್ತಿದ್ದರು.

ನನಗೊಂದು ಹೆಮ್ಮೆ ಇತ್ತು. ಕಳಸದ ದಿಕ್ಕಿನ ಗುಡ್ಡಗಳಲ್ಲಿ ಮಳೆ ಕಾಡಿನ ಮೇಲೆ ನಡೆದು ಬರುವ ಸದ್ದು ಎಲ್ಲರಿಗಿಂತ ಮೊದಲು ನನಗೆ ಕೇಳುತ್ತಿತ್ತು. "ರೈಟ್ರು ಹೇಳಿದ್ರಾ? ಹಾಗಾದ್ರೆ ಕಾಫಿ ಒಟ್ಟಿ" ಎಂದು ಮೇಸ್ತ್ರಿ ಕೂಗುತ್ತಿದ್ದ. ಕಾಫಿ ರಾಶಿ ಮಾಡಿ ಟಾರ್ಪಾಲು ಹೊದೆಸುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಗುತ್ತಿತ್ತು. ಈ ಕಿವಿಯನ್ನು ನಾನು ದೇವರು ಕೊಟ್ಟದ್ದೆಂದು ತಿಳಿದಿದ್ದೆ.

ಕೊಯ್ಲಿನ ನಡುವೆ ಒಂದು ಮಧ್ಯಾಹ್ನ ಮೋಡ ಕವಿಯಿತು. ಸಾವ್ಕಾರರು ಊರಲ್ಲಿರಲಿಲ್ಲ. ತೊಟ್ಟಿ ಅಂಚಿನವರೆಗೆ ತುಂಬಿತ್ತು. ಬಿಸಿಲಿಗೆ ಹರವಿದ ಕಾಫಿ ಕೆಳಗಿನ ಕಣದಲ್ಲಿತ್ತು. ಮಳೆ ಬಿದ್ದು ತೊಟ್ಟಿ ಉಕ್ಕಿದರೆ ಆ ಕೊಳೆನೀರು ನೇರ ಕಣಕ್ಕೆ ಇಳಿಯುತ್ತಿತ್ತು. ಆಳುಗಳೆಲ್ಲ ಹಣ್ಣು ಬಿಡಿಸಲು ಮೇಲಿನ ತೋಟಕ್ಕೆ ಹೋಗಿದ್ದರು. ನಾನೊಬ್ಬನೇ ನಿಂತು ಕಿವಿಗೊಟ್ಟೆ. ದೂರದಲ್ಲಿ ಸೋ ಎಂಬ ಸದ್ದು. ಅದು ಒಂದು ಗುಡ್ಡ ಇಳಿದು ಇನ್ನೊಂದು ಹತ್ತುವುದು ಕೂಡ ಕೇಳಿಸಿತು. ಇನ್ನೇನು ಬಂತು ಎಂದುಕೊಂಡು ಹಲಗೆ ಎತ್ತಿದೆ.

ಮಳೆ ಬರಲಿಲ್ಲ. ಕಣಿವೆಯಾಚೆ ತಿರುಗಿ ಬೇರೆ ಕಡೆ ಹೋಯಿತು. ಮೋಡ ಸರಿದು ಬಿಸಿಲು ಬಿದ್ದಾಗ ತೊಟ್ಟಿ ಖಾಲಿಯಾಗಿತ್ತು. ಬೇಸಿಗೆಗೆ ಸೊರಗತೊಡಗಿದ್ದ ಹಳ್ಳದಲ್ಲಿ ಕಂದು ನೀರು ಎಣ್ಣೆಯಂತೆ ಗಟ್ಟಿಯಾಗಿ, ಅವಸರವಿಲ್ಲದೆ, ಗುಂಡಿಯ ಕಡೆ ಹೋಗುತ್ತಿತ್ತು. ನಾನು ದಡದಲ್ಲಿ ಅದರ ಜೊತೆ ಸ್ವಲ್ಪ ದೂರ ನಡೆದೆ. ಆಮೇಲೆ ನಿಂತೆ. ಹಿಂದಕ್ಕೆ ಬಂದು ಹಲಗೆ ಹಾಕಿದೆ.

ಮಾರನೆಯ ದಿನ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿಳಿಯ ಹೊಟ್ಟೆಗಳು, ನೇರಳೆ ಎಲೆಗಳ ನಡುವೆ. ಕೊಳೆನೀರು ಅಷ್ಟರಲ್ಲಿ ಮುಂದಕ್ಕೆ ಹೋಗಿತ್ತು. ಜನಕ್ಕೆ ಥಟ್ಟನೆ ನೆನಪಾದದ್ದು ಅವಳಜ್ಜ. ಅವನು ಎಸ್ಟೇಟಿನ ಆಳು. ರಜೆಯ ದಿನ ಹಳ್ಳದ ಕೆಳಭಾಗದಲ್ಲಿ ಕಾರೆಕಾಯಿ ಜಜ್ಜಿ ನೀರಿಗೆ ಕದಡಿ, ಅಮಲೇರಿದ ಮೀನು ಹಿಡಿಯುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಆ ಮೀನು ಎಲ್ಲರೂ ತಿಂದಿದ್ದರು, ನಾನೂ.

ಗುಂಡಿಯ ಹತ್ತಿರ ಜನ ಸೇರಿದರು. "ನಾನು ದೇವ್ರ ಗುಂಡಿ ಮುಟ್ಟಿಲ್ಲ" ಎಂದ ಅವನು. "ಹಾಗಾದ್ರೆ ತೋರ್ಸು, ಮುಟ್ಟಿಲ್ಲ ಅಂತ ತೋರ್ಸು" ಎಂದರು. ಮಾಡದೇ ಇದ್ದದ್ದನ್ನು ಅವನು ಹೇಗೆ ತೋರಿಸಬೇಕು? ಅವನು ಸುತ್ತ ನೋಡಿ, ಕೊನೆಗೆ ನನ್ನ ಮುಖ ನೋಡಿದ. ಓದು ಬರಹ ಬಲ್ಲವನೆಂದು, ಏನಾದರೂ ನ್ಯಾಯ ಹೇಳಿಯೇನೆಂದು. ನಾನು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ: "ಒಂದು ಕಾಯಿ ಇಟ್ಟು ತಪ್ಪಾಯ್ತು ಅಂದ್ಬಿಡು ಮಾರಾಯ. ಮುಗಿದು ಹೋಗುತ್ತೆ."

ಅವನು ಕಲ್ಲಿನ ಮುಂದೆ ಕಾಯಿಟ್ಟು ಹಾಗೇ ಅಂದ.

ಮುಗಿದು ಹೋಗಲಿಲ್ಲ. ದೇವರು ಗುಂಡಿ ಬಿಟ್ಟು ಹೋಯಿತೆಂದು ಹರಕೆ ನಿಂತಿತು. ಅಕ್ಕಿ ನಿಂತಿತು. ಕ್ರಮೇಣ ಅಲ್ಲಿ ಬಟ್ಟೆ ಒಗೆದರು, ಗಾಳ ಹಾಕಿದರು, ಪಕ್ಕದ ಮರ ಕಡಿದರು. ಅವನು ಸಾಯುವವರೆಗೂ ಆ ಹಳ್ಳದ ಕಡೆಗೆ ಹೋಗಲಿಲ್ಲ. ಹಾಜರಿ ಕೂಗುವಾಗ ನಾನು ಅವನ ಹೆಸರನ್ನು ಸ್ವಲ್ಪ ಮೆಲ್ಲಗೆ ಕೂಗುತ್ತಿದ್ದೆ. ಅಷ್ಟೇ ನಾನು ಅವನಿಗೆ ಮಾಡಿದ್ದು.

ಈಗ ಅವನ ಮೊಮ್ಮಗಳು ಅದನ್ನು ದೊಡ್ಡ ಓದಿನ ಭಾಷೆಯಲ್ಲಿ ಬರೆದು ಇಡುವವಳಿದ್ದಳು. ಅವಳು ಪ್ರಬಂಧ ಓದುವ ದಿನ ಬರುವುದರೊಳಗೆ ನಾನು ಬಾಯಿ ಬಿಡದಿದ್ದರೆ ಅವನು ಇನ್ನೊಮ್ಮೆ ತಪ್ಪಾಯ್ತು ಎಂದ ಹಾಗಾಗುತ್ತಿತ್ತು, ಈ ಸಲ ಅವನ ಮನೆಯವರ ಬಾಯಿಂದಲೇ.

ವಾರಗಳು ಹೋದವು. ಕಾಫಿ ಒಣಗಿತು, ಮೂಟೆಯಾಯಿತು. ಕಣಕ್ಕೆ ಮೆಣಸು ಬಂತು. ನಾನು ಪ್ರತಿ ಶನಿವಾರ ಹೇಳಬೇಕೆಂದು ಕೂತು, ಪ್ರತಿ ಶನಿವಾರ ಜೋಂಪಿಗೆ ಜಾರುತ್ತಿದ್ದೆ. ನಿದ್ದೆಯಲ್ಲಿ ಆ ಸೋ ಎಂಬ ಸದ್ದು ಬರುತ್ತಿತ್ತು. ಗುಡ್ಡ ಇಳಿದು, ಗುಡ್ಡ ಹತ್ತಿ, ಇನ್ನೇನು ಕಣಕ್ಕೆ ಬಂತು ಅನ್ನುವಾಗ ತಿರುಗಿ ಹೋಗುತ್ತಿತ್ತು. ಕಣ್ಣು ತೆರೆದರೆ ಬಿಸಿಲು, ಮೇಡಂ ದನಿ, ಹುಡುಗಿಯ ಬಾಗಿದ ತಲೆ. ಆ ಬಾಗಿದ ತಲೆಯಲ್ಲಿ ನನಗೆ ಅವಳಜ್ಜನ ತಲೆಯೇ ಕಾಣುತ್ತಿತ್ತು.

ಒಂದು ದಿನ ಕ್ಲಾಸು ನಡೆಯುತ್ತಿದ್ದಾಗಲೇ ಅವಳು ನನ್ನ ಕಡೆ ತಿರುಗಿ ಪಿಸುಗುಟ್ಟಿದಳು. "ಇದು ಚೆನ್ನಾಗಿದೆ ಅಜ್ಜ. ನೀರು ಕೆಟ್ರೆ, ನಾನು ಕೆಡಿಸಿಲ್ಲ ಅಂತ ತೋರಿಸ್ಬೇಕಾದ್ದು ಕಾರ್ಖಾನೆಯವನು. ಬಡವನ ಹತ್ರ ಪುರಾವೆ ಕೇಳೋ ಹಾಗಿಲ್ಲ."

"ನಿಮ್ಮಜ್ಜನ ಹತ್ರ ಕೇಳಿದ್ರು" ಎಂದೆ.

"ಏನು?"

"ಪುರಾವೆ. ಕೇಳ್ಬೇಕಾಗಿದ್ದು ನನ್ನ ಹತ್ರ."

ಆಮೇಲೆ ಹೇಳಿದೆ. ಹಲಗೆ, ಮೋಡ, ಸದ್ದು, ಹೆಗಲ ಮೇಲಿನ ಕೈ. ಅವಳು ಕೇಳುತ್ತಾ ಕೇಳುತ್ತಾ ವಕೀಲೆಯಾದಳು. ಬೆನ್ನು ನೇರವಾಯಿತು.

"ಹಲಗೆ ಎತ್ತಿದ್ದು ನೀವೇನಾ? ಯಾರ ಕೈಲಾದ್ರೂ ಎತ್ತಿಸಿದ್ದಾ?"

"ನಾನೇ."

"ಸಾವ್ಕಾರ್ರು ಹೇಳಿದ್ರಾ?"

"ಇಲ್ಲ. ಅವ್ರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಅವ್ರು ಹೋಗಿ ಎಷ್ಟೋ ಕಾಲ ಆಯ್ತು."

"ಹಾಗಾದ್ರೆ ಅವ್ರ ಮೇಲೆ ಹಾಕೋ ದಾರೀನೂ ಇಲ್ಲ ನಿಮ್ಗೆ."

"ಇಲ್ಲ ಮಗ."

"ಮಗ ಅನ್ಬೇಡಿ ಈಗ" ಎಂದಳು. ಫೋನಿನೊಳಗಿಂದ ಮೇಡಂ ಅವಳ ಹೆಸರು ಕರೆದರು. ಮತ್ತೊಮ್ಮೆ ಕರೆದರು. ಕಣದ ಮೋಟುಗೋಡೆಯ ಮೇಲೆ ಆ ಹೆಸರು ಒಂದು ಹಕ್ಕಿಯಂತೆ ಕೂತಿತ್ತು. ಅವಳು ಉತ್ತರ ಕೊಡದೆ ಫೋನು ಆರಿಸಿ, ಚಾಪೆ ಸುತ್ತಿಟ್ಟು ಇಳಿದು ಹೋದಳು.

ಮುಂದಿನ ಶನಿವಾರ ಅವಳು ಬರಲಿಲ್ಲ. ರಸ್ತೆಯ ತಿರುವಿನ ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ, ಕೊಡೆ ಬಿಚ್ಚಿಕೊಂಡು, ಫೋನನ್ನು ಎತ್ತಿ ಹಿಡಿದು ಕೂತಿದ್ದು ಕಣದಿಂದ ಕಾಣುತ್ತಿತ್ತು. ಜೀಪು ಹೋದಾಗಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ಆ ಹುಡುಗಿಗೆ ಹೇಳಿ ಹಗುರ ಮಾಡ್ಕೊಂಡ್ರಾ? ಅವಳಮ್ಮಂಗೆ ಹೇಳೋರು ಯಾರು? ಅವಳೇ ಹೇಳ್ಬೇಕಾ?" ಎಂದಳು. ಊಟ ಬಡಿಸಿದಳು, ಆದರೆ ಎದುರಿಗೆ ಕೂರಲಿಲ್ಲ.

ಹುಡುಗಿಯ ಅಮ್ಮ ಆ ಅಜ್ಜನ ಮಗಳು. ನಾನು ಹೋದಾಗ ಮನೆ ಮುಂದೆ ಮೊರದಲ್ಲಿ ಮೆಣಸು ಕೇರುತ್ತಿದ್ದಳು. "ಬನ್ನಿ ರೈಟ್ರೇ, ಕೂತ್ಕಳಿ" ಎಂದಳು. ಮಗಳು ಅವಳಿಗೆ ಏನೂ ಹೇಳಿರಲಿಲ್ಲ. ಹೇಳುವುದನ್ನು ನನಗೇ ಬಿಟ್ಟಿದ್ದಳು. ನಾನು ಕೂರದೆ, ನಿಂತೇ ಹೇಳಿದೆ. ಮೊರ ಸ್ವಲ್ಪ ಹೊತ್ತು ಮೇಲೆ ಕೆಳಗೆ ಆಡುತ್ತಲೇ ಇತ್ತು. ಮೆಣಸಿನ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಆಮೇಲೆ ಮೊರ ನಿಂತಿತು.

"ಅಪ್ಪ ಕೊನೇವರ್ಗೂ ನಾನಲ್ಲ ಅಂತಿದ್ರು" ಎಂದಳು. "ನಾನು ನಂಬ್ಲಿಲ್ಲ. ಕಾಯಿ ಇಟ್ಟು ತಪ್ಪಾಯ್ತು ಅಂದಿದ್ನ ನಾನೇ ನೋಡಿದ್ನಲ್ಲ. ಶಾಲೇಲಿ ದೇವ್ರ ಮೀನು ತಿಂದೋರ ಮಗಳು ಅಂತಿದ್ರು. ನನ್ನ ಮದುವೇಲಿ ಅಪ್ಪ ಧಾರೆ ಎರೆಯೋದು ಬೇಡ ಅಂದೆ. ನಾನೇ ಅಂದಿದ್ದು, ಯಾರೂ ಹೇಳ್ಕೊಡ್ಲಿಲ್ಲ. ಚಿಕ್ಕಪ್ಪ ಎರೆದ್ರು. ಅಪ್ಪ ಚಪ್ಪರದ ಕಂಬ ಹಿಡ್ಕೊಂಡು ನಿಂತಿದ್ರು."

ನಾನು ಏನೋ ಹೇಳಲು ಹೋದೆ.

"ಅದನ್ನ ಈಗ ಏನ್ ಮಾಡ್ಲಿ ರೈಟ್ರೇ? ನಿಮ್ದು ನೀವು ಹೇಳಿದ್ರಿ. ನಂದು ನಾನು ಯಾರಿಗೆ ಹೇಳ್ಲಿ?"

ಹಲಗೆ ಎತ್ತಿದ ದಿನದಿಂದ ನಾನು ಮೀನಿನ ಲೆಕ್ಕ, ಅವನ ಲೆಕ್ಕ ಹಾಕಿಕೊಂಡೇ ಬದುಕಿದವನು. ಆ ನೀರು ಇವಳ ಮದುವೆಯ ಚಪ್ಪರದವರೆಗೂ ಹರಿದು ಹೋಗಿತ್ತೆಂದು ನನಗೆ ತಿಳಿದಿರಲಿಲ್ಲ. ಈಗ ಕೂತೆ.

ಕಡೆಗೆ ಅವಳು ಹೇಳಿದಳು: "ನನ್ನ ಹತ್ರ ಹೇಳಿದ್ರೆ ಆಗ್ಲಿಲ್ಲ. ಅಪ್ಪ ಎಲ್ಲಿ ನಿಂತು ಹೇಳಿದ್ರೋ ಅಲ್ಲೇ ನಿಂತು ಹೇಳಿ. ಜನ ಇರ್ಲಿ."

ಹೂಮಳೆ ಬಿದ್ದ ಮೇಲೆ ಹೇಳಿದೆ. ತೋಟವೆಲ್ಲ ಕಾಫಿಯ ಬಿಳಿ ಹೂವು. ಆ ವಾಸನೆಗೆ ತಲೆ ತೇಲಿದಂತಾಗಿ, ಹಳ್ಳಕ್ಕೆ ಇಳಿಯುವ ದಾರಿ ನಿಜವೋ ಕನಸೋ ತಿಳಿಯಲಿಲ್ಲ. ಹೆಂಡತಿ ನನ್ನ ತೋಳು ಹಿಡಿದಿದ್ದಳು. ಬಂದಿದ್ದವರು ಹೆಚ್ಚಿಲ್ಲ. ಹಳೆಯ ಮೇಸ್ತ್ರಿ, ಲೈನಿನ ಕೆಲವು ಹೆಂಗಸರು, ಕುತೂಹಲಕ್ಕೆ ಬಂದ ಒಂದಿಬ್ಬರು, ತಾಯಿ, ಮಗಳು. ನೇರಳೆ ಮರ ಇರಲಿಲ್ಲ, ಕಲ್ಲು ಇತ್ತು. ನಾನು ಕಾಯಿಟ್ಟು, ಅವನ ಪೂರ್ತಿ ಹೆಸರನ್ನು, ಹಾಜರಿಯಲ್ಲಿ ಕೂಗುತ್ತಿದ್ದುದಕ್ಕಿಂತ ಗಟ್ಟಿಯಾಗಿ ಹೇಳಿ, ಅವನು ಮಾಡಲಿಲ್ಲ, ನಾನು ಮಾಡಿದೆ ಎಂದೆ.

ಮೇಸ್ತ್ರಿ ಕೆಮ್ಮಿದ. "ಈಗ ಯಾಕೆ ರೈಟ್ರೇ ಇದೆಲ್ಲ? ಎಲ್ಲ ಮರ್ತು ಹೋಗಿತ್ತು."

"ಮರ್ತಿದ್ದು ನೀವು" ಎಂದಳು ಹುಡುಗಿಯ ಅಮ್ಮ.

ಅವಳು ಸೆರಗಿನಲ್ಲಿ ಕಟ್ಟಿ ತಂದಿದ್ದ ಅಕ್ಕಿಯನ್ನು ನೀರಿಗೆ ಹಾಕಿದಳು. ಕಿರುಬೆರಳಿನಷ್ಟು ಮೀನುಗಳು ಬಂದವು. ಅವು ದೇವರ ಮೀನೋ ಬರೀ ಮೀನೋ ಅವುಗಳಿಗೂ ಗೊತ್ತಿದ್ದಂತಿರಲಿಲ್ಲ. ನನ್ನ ಕಡೆ ಅವಳು ನೋಡಲಿಲ್ಲ. ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ರೈಟ್ರೇ ಎನ್ನುತ್ತಾಳೆ, ನಿಲ್ಲುವುದಿಲ್ಲ.

ಪ್ರಬಂಧ ಓದುವ ಭಾನುವಾರ ಹುಡುಗಿ ತಾನಾಗಿಯೇ ಕಣಕ್ಕೆ ಬಂದಳು. "ಬಸ್ ಸ್ಟ್ಯಾಂಡಲ್ಲಿ ಜೀಪಿನ ಸದ್ದು" ಎಂದಳು, ಯಾರೂ ಕೇಳದಿದ್ದರೂ. ಚಾಪೆ ಬಿಡಿಸಿ ಕೂತು, ಇಂಗ್ಲಿಷಿನಲ್ಲಿ ಓದಿದಳು. ನನಗೆ ಸಿಕ್ಕಿದ್ದು ಪಲ್ಪರ್, ವಾಟರ್, ರೇನ್, ಮತ್ತೆ ಮತ್ತೆ 'ಮೈ ಗ್ರ್ಯಾಂಡ್‌ಫಾದರ್'. ಆ ಮಾತು ಬಂದಾಗಲೆಲ್ಲ ಅವಳ ದನಿ ಸ್ವಲ್ಪ ಮೇಲಕ್ಕೇಳುತ್ತಿತ್ತು. ಕೊನೆಯಲ್ಲಿ ಮೇಡಂ ಏನೋ ಕೇಳಿದರು. ಅವಳು ಯೋಚಿಸಿ, ಚಿಕ್ಕ ಉತ್ತರ ಕೊಟ್ಟಳು.

"ಏನಂತೆ?" ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಹೆಂಡತಿ ಕೇಳಿದಳು.

"ನೀರು ಕೆಡಿಸಿದವ್ರು ಏನು ತೆತ್ರು ಅಂತ ಕೇಳಿದ್ರು ಅಜ್ಜಿ. ಇನ್ನೂ ತೆರ್ತಾ ಇದಾರೆ ಅಂದೆ."

"ನನ್ನ ಹೆಸರು ಹಾಕಿದ್ಯಾ?" ಎಂದೆ.

"ಹಾಕೋ ಹಾಗಿಲ್ಲ. ಇಂಥ ಬರಹದಲ್ಲಿ ಮಾಹಿತಿ ಕೊಟ್ಟವ್ರ ಹೆಸರು ಬರೆಯಲ್ಲ." ಫೋನಿನ ಗಾಜನ್ನು ದುಪಟ್ಟಾದಿಂದ ಒರೆಸಿದಳು. "ನಮ್ಮಜ್ಜಂದೂ ಹಾಕಿಲ್ಲ. ಗುಂಡಿ ಹತ್ರ ಗಟ್ಟಿಯಾಗಿ ಹೇಳಿದ್ರಲ್ಲ, ಅಲ್ಲಿರ್ಲಿ ಸಾಕು ಅಂದ್ರು ಅಮ್ಮ."

ಅದಕ್ಕೇ ನಾನೂ ಇಲ್ಲಿ ಅವನ ಹೆಸರು ಬರೆದಿಲ್ಲ.

ಅವಳು ಹೊರಡಲು ಎದ್ದಳು. ಆಗ ಕಳಸದ ದಿಕ್ಕಿನಿಂದ ಆ ಸದ್ದು ಬಂತು. ತೀರ ಮೆಲ್ಲಗೆ, ಯಾರೋ ಒಣ ಎಲೆಯ ಮೇಲೆ ನಡೆದಂತೆ. ಅವಳಿಗೂ ಕೇಳಿಸಿತು. ಆಕಾಶ ನೋಡಿದಳು, ಕಣದಲ್ಲಿ ಹರವಿದ ಮೆಣಸು ನೋಡಿದಳು, ಆಮೇಲೆ ನನ್ನನ್ನು.

"ಮಳೆ ಬರುತ್ತಾ ಅಜ್ಜ?"

ನಾನು ಕಿವಿಗೊಟ್ಟೆ. ಸದ್ದು ಒಂದು ಗುಡ್ಡ ಇಳಿಯಿತು.

"ಗೊತ್ತಿಲ್ಲ" ಎಂದೆ.

"ಒಟ್ಟೋಣ್ವಾ?"

"ಒಟ್ಟೇ ಬಿಡೋಣ."

ಅವಳು ಒಂದು ಕಡೆಯಿಂದ, ನನ್ನ ಹೆಂಡತಿ ಇನ್ನೊಂದು ಕಡೆಯಿಂದ ಮೆಣಸು ಎಳೆದರು. ನಾನು ಕುರ್ಚಿ ಬಿಟ್ಟೆದ್ದು ಟಾರ್ಪಾಲಿನ ಒಂದು ಮೂಲೆ ಹಿಡಿದುಕೊಂಡೆ. ಮುಚ್ಚಿ ಮುಗಿಯುವ ಹೊತ್ತಿಗೂ ಹನಿ ಬಿದ್ದಿರಲಿಲ್ಲ. ಮೂವರೂ ಜಗುಲಿಗೆ ಹತ್ತಿ, ಎದುರಿನ ಗುಡ್ಡ ನೋಡುತ್ತ ಕೂತೆವು.